ಕತ್ತರಿಯಮ್ಮನ ಹಲ್ಲಿನ ಪರೀಕ್ಷೆ

ಅಮ್ಮ, ಮಗ ಇಬ್ಬರೂ ದಿನಾ ಬೆಳಿಗ್ಗೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ, ನಡುವೆ ಎರಡು ಬುತ್ತಿ ಇಟ್ಟುಕೊಂಡು ಕೂತು ಬರುತ್ತಿದ್ದರು. ಬಟ್ಟೆ ಫ್ಯಾಕ್ಟರಿಯ ಗೇಟು ಕಾಣಿಸಿದ ಕೂಡಲೇ ಅಮ್ಮ ತನ್ನ ಬುತ್ತಿ ಎತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಮಗ ಮುಂದೆ ಹೋಗಿ, ಹಾಜರಿ ಕಾರ್ಡು ಒತ್ತಿ, ಒಳಗೆ ನಿಂತು ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದ. ಹಿಂದಿನಿಂದ ಬಂದವಳು, "ನಮಸ್ಕಾರ ಸಾರ್" ಅನ್ನುತ್ತಿದ್ದಳು. ಇವನು, "ನಮಸ್ಕಾರ ಮೇಡಂ" ಅನ್ನುತ್ತಿದ್ದ. ಗೇಟಿನ ಕಾವಲುಗಾರ ಮೊದಲ ವಾರವೆಲ್ಲ ಬಾಯಿಗೆ ಟೋಪಿ ಅಡ್ಡ ಹಿಡಿದು ನಕ್ಕ. ಎರಡನೆಯ ವಾರ ಅವನಿಗೂ ಅಭ್ಯಾಸವಾಯಿತು.

ಈ ನಿಯಮ ಮಾಡಿದವಳು ಅಮ್ಮನೇ. ಹೊಲಿಗೆ ಮೆಷಿನ್ನುಗಳ ಮೂರನೆಯ ಸಾಲಿನಲ್ಲಿ, ಅಂದರೆ ಮೂರನೆಯ ಲೈನಿನಲ್ಲಿ, ಅವಳು ಹತ್ತೊಂಬತ್ತು ವರ್ಷದಿಂದ ಚೆಕ್ಕರ್. ಹೊಲಿದು ಮುಗಿದ ಅಂಗಿಗಳೆಲ್ಲ ಅವಳ ಮೇಜಿಗೆ ಬರಬೇಕು, ಅವಳು ಒಳಹೊರಗು ತಿರುಗಿಸಿ ನೋಡಿ ಏಳನೆಯ ನಂಬರಿನ ಸೀಲು ಒತ್ತಿದ ಮೇಲೇ ಪ್ಯಾಕಿಂಗಿಗೆ ಹೋಗಬೇಕು. ಉಳಿದ ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಕೊರಳಲ್ಲಿ ತೂಗುತ್ತಿದ್ದರಿಂದ ಲೈನಿನವರ ಪಾಲಿಗೆ ಅವಳು ಕತ್ತರಿಯಮ್ಮ. ಆರು ತಿಂಗಳ ಹಿಂದೆ ಅವಳ ಮಗನೇ ಆ ಲೈನಿಗೆ ಹೊಸ ಸೂಪರ್‌ವೈಸರ್ ಆಗಿ ಬಂದಾಗ ಅಮ್ಮ ಹಿಂದಿನ ದಿನವೇ ಅವನನ್ನು ಕೂರಿಸಿಕೊಂಡು ಹೇಳಿದ್ದಳು: "ಗೇಟಿನ ಒಳಗೆ ನಾನು ನಿನ್ನ ಅಮ್ಮ ಅಲ್ಲ. ಗೇಟಿನ ಹೊರಗೆ ನೀನು ನನ್ನ ಸಾಹೇಬ ಅಲ್ಲ. ಇದು ಕಲಸುಮೇಲೋಗರ ಆದರೆ ಇಬ್ಬರ ಮರ್ಯಾದೇನೂ ಹೋಗ್ತದೆ."

ಮಗ ಅದಕ್ಕೇನಂತೆ ಎಂದು ತಲೆಯಾಡಿಸಿದ್ದ. ಆದರೆ ದಿನವಿಡೀ ಕೆಲಸದಲ್ಲಿ ಬೆಂದು ಬಂದವರಿಗೆ ಮನೆಯಲ್ಲಿ ನಾಲ್ಕು ಮಾತು ಆಡಿ ಹಗುರಾಗದೆ ಇರಲು ಆಗುವುದಿಲ್ಲ. ನಿಯಮವನ್ನೂ ಮುರಿಯುವಂತಿಲ್ಲ. ಹಾಗಾಗಿ ಒಂದು ಸಂಜೆ ಅಮ್ಮ ಚಪ್ಪಲಿ ಬಿಡುತ್ತಾ, "ನಮ್ಮ ಫ್ಯಾಕ್ಟರಿಗೆ ಹೊಸದಾಗಿ ಒಬ್ಬ ಸೂಪರ್‌ವೈಸರ್ ಬಂದಿದಾನೆ ಮಗಾ, ಟಾರ್ಗೆಟ್ ಟಾರ್ಗೆಟ್ ಅಂತ ಜಪ ಮಾಡ್ತಾನೆ, ಮೂಗಿನ ಮುಂದಿರೋದು ಕಾಣಲ್ಲ" ಎಂದಳು. ಮಗ ಒಂದು ಗಳಿಗೆ ಪೆಚ್ಚಾಗಿ ನೋಡಿದ. ಆಮೇಲೆ, "ನಮ್ಮಲ್ಲೂ ಒಬ್ಬರು ಚೆಕ್ಕರ್ ಇದಾರಮ್ಮ, ವಯಸ್ಸಾದೋರು. ಒಂದು ದಾರದ ತುದಿಗೆ ಇಡೀ ಗಂಟು ವಾಪಸ್ ಕಳಿಸ್ತಾರೆ" ಎಂದ. "ಅಯ್ಯೋ, ಅಂಥೋರ ಜೊತೆ ಹೇಗೆ ಏಗ್ತೀಯೋ ಏನೋ" ಎಂದು ಅಮ್ಮ ನಿಜವಾಗಿಯೂ ಮರುಗಿದಳು.

ಅಂದಿನಿಂದ ಇದೇ ಪಾಠ. ಅಮ್ಮ ಸೂಪರ್‌ವೈಸರನ್ನು ಮಗನ ಹತ್ತಿರ ಬೈಯುವಳು, ಮಗ ಚೆಕ್ಕರನ್ನು ಅಮ್ಮನ ಹತ್ತಿರ ಬೈಯುವನು, ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು ಹೊಟ್ಟೆತುಂಬ ಊಟ ಮಾಡಿ ಮಲಗುವರು. ಮಗನ ಹೆಂಡತಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಮಗಳು ಹುಟ್ಟಿದ ಮೇಲೆ ಒಂದು ವರ್ಷ ಬಿಡುವು ತೆಗೆದುಕೊಂಡು ಮನೆಯಲ್ಲಿದ್ದಳು. ಹತ್ತು ತಿಂಗಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಇವರ ಮಾತು ಕೇಳುತ್ತಾ, "ನಮ್ಮನೇಲಿ ಇರೋದು ನಾಲ್ಕು ಜನ. ಊಟಕ್ಕೆ ಕೂತರೆ ಮಾತ್ರ ಆರು ಜನ" ಅನ್ನುತ್ತಿದ್ದಳು.

ಆ ಸೋಮವಾರ ಮ್ಯಾನೇಜರು ಸೂಪರ್‌ವೈಸರನ್ನು ಕೋಣೆಗೆ ಕರೆಸಿದರು. ಮ್ಯಾನೇಜರಿಗೆ ಕಾರ್ಯಕ್ರಮಗಳ ಹುಚ್ಚು. ಬೆಂಕಿ ಆರಿಸುವ ತರಬೇತಿಗೂ ರಿಬ್ಬನ್ ಕತ್ತರಿಸಬೇಕು ಅನ್ನುವ ಮನುಷ್ಯ. ಅವರು ಹೇಳಿದ್ದು ಎರಡು ವಿಷಯ. ಮೊದಲನೆಯದು, ಕೂಸುಗಳ ಅಂಗಿಯ ಸಾವಿರದಿನ್ನೂರು ಪೀಸು ಶನಿವಾರ ಮಧ್ಯಾಹ್ನ ಲಾರಿ ಹತ್ತಲೇಬೇಕು. ಎರಡನೆಯದು, ಅದೇ ಶನಿವಾರ ಕ್ಯಾಂಟೀನಿನಲ್ಲಿ 'ದುಡಿಯುವ ತಾಯಂದಿರಿಗೆ ಮೆಚ್ಚುಗೆ' ಎಂಬ ಕಾರ್ಯಕ್ರಮ. ಪ್ರತಿ ಲೈನಿನಿಂದ ಒಬ್ಬ ಶ್ರೇಷ್ಠ ತಾಯಿಯನ್ನು ಅಲ್ಲಿನ ಸೂಪರ್‌ವೈಸರೇ ಆರಿಸಿ ಕೊಡಬೇಕು. ಹೇಗೆ ಆರಿಸುವುದು ಎಂದು ಇವನು ಕೇಳಿದ್ದಕ್ಕೆ, "ಹಾಜರಿ ಪುಸ್ತಕ ನೋಡಪ್ಪ, ಅದಕ್ಕಿಂತ ನ್ಯಾಯ ಯಾವುದಿದೆ?" ಎಂದರು. ಇವನು ಬಾಗಿಲ ತನಕ ಹೋದ ಮೇಲೆ, "ಲಾರಿ ಹೊರಟರೆ ನಿನ್ನ ಖಾಯಂ ಕಾಗದವನ್ನೂ ಅದೇ ವೇದಿಕೆ ಮೇಲೆ ಕೊಡ್ತೀನಿ" ಎಂದು ಸೇರಿಸಿದರು.

ಖಾಯಂ ಕಾಗದ! ಆರು ತಿಂಗಳ ಪರೀಕ್ಷೆಯ ಕೆಲಸ ಅದೇ ವಾರ ಮುಗಿಯುವುದಿತ್ತು. ಕಾಗದ ಬಂದರೆ ಸೂಪರ್‌ವೈಸರ್, ಇಲ್ಲದಿದ್ದರೆ ಮತ್ತೆ ಬಟ್ಟೆ ಕತ್ತರಿಸುವ ವಿಭಾಗಕ್ಕೆ. ಅಮ್ಮ ಆ ಕಾಗದಕ್ಕೆಂದು ಆಗಲೇ ಗೋಡೆಯ ಮೇಲೆ ಒಂದು ಮೊಳೆ ಹೊಡೆಸಿದ್ದಳು.

ಅವನು ಮೊದಲು ಹಾಜರಿ ಪುಸ್ತಕ ತೆರೆದ. ಲೈನಿನಲ್ಲಿ ನಲವತ್ತು ಮಂದಿ, ಅವರಲ್ಲಿ ಮೂವತ್ತೊಂದು ತಾಯಂದಿರು. ಅವರ ಹೆಸರಿನ ಮುಂದೆಲ್ಲ ಕೆಂಪು ಗೀಟು. ಮಗುವಿಗೆ ಜ್ವರ, ಮಗುವಿಗೆ ವಾಂತಿ, ಶಾಲೆಯಿಂದ ಕರೆ, ಮತ್ತೆ ಮಗುವಿಗೆ ಜ್ವರ. ಒಂದೂ ಗೀಟಿಲ್ಲದೆ ಹಾಲಿನಂತೆ ಬೆಳ್ಳಗಿದ್ದ ಸಾಲುಗಳು ಎರಡೇ. ಒಂದು, ಗುಂಡಿ ಮೆಷಿನ್ನಿನವನದು. ನಲವತ್ತೈದು ವರ್ಷದ ಬ್ರಹ್ಮಚಾರಿ ಅವನು, ಬೆಕ್ಕನ್ನೂ ಸಾಕಿದವನಲ್ಲ. ಹಾಜರಿಯ ಪ್ರಕಾರ ಲೈನಿನ ಶ್ರೇಷ್ಠ ತಾಯಿ ಎಂದರೆ ಅವನೇ. ಇನ್ನೊಂದು ಕತ್ತರಿಯಮ್ಮನ ಸಾಲು. ಅವಳ ಹೆಸರು ಕೊಟ್ಟರೆ ಅಮ್ಮನಿಗೆ ಬಹುಮಾನ ಕೊಟ್ಟುಕೊಂಡ ಎಂದು ಲೈನು ಆಡಿಕೊಳ್ಳುತ್ತದೆ. ಕೊಡದಿದ್ದರೆ ಹೆತ್ತವಳನ್ನೇ ಮರೆತ ಎಂದು ಅದೇ ಲೈನು ಆಡಿಕೊಳ್ಳುತ್ತದೆ. ಅವನು ಪುಸ್ತಕ ಮುಚ್ಚಿ, ಮೊದಲು ಅಂಗಿಗಳ ಕಡೆ ನೋಡೋಣ ಎಂದುಕೊಂಡ.

ಅಂಗಿಗಳಲ್ಲಿ ಅವನದೇ ಒಂದು ಗುಟ್ಟಿತ್ತು. ಒಂದು ಗುಂಡಿಗೆ ಸೂಜಿ ಹದಿನಾರು ಸಲ ಇಳಿಯಬೇಕು. ಹಿಂದಿನ ವಾರ ಕೆಲಸ ಹಿಂದೆ ಬಿದ್ದಾಗ, ಮೆಕ್ಯಾನಿಕ್ಕನ್ನು ಪಕ್ಕಕ್ಕೆ ಕರೆದು, ಎಂಟಕ್ಕೆ ಇಳಿಸಿ ಬಿಡು ಮಾರಾಯ ಎಂದಿದ್ದ. ಗುಂಡಿ ಗುಂಡಿಯಂತೆಯೇ ಕಾಣುತ್ತಿತ್ತು, ಕೆಲಸ ದುಪ್ಪಟ್ಟು ಓಡುತ್ತಿತ್ತು. ಎಳೆದು ನೋಡುವ ಸ್ಪ್ರಿಂಗ್ ತಕ್ಕಡಿಯ ಮುಳ್ಳೂ ಸರಿಯಾದ ಗೀಟಿನ ಮೇಲೇ ನಿಂತಿತ್ತು. ಅವನಿಗೂ ಮೆಕ್ಯಾನಿಕ್ಕಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ ಎಂದು ಅವನ ನಂಬಿಕೆ.

ಬುಧವಾರ ಹನ್ನೊಂದು ಗಂಟೆಗೆ ಕತ್ತರಿಯಮ್ಮನ ಮೇಜಿನಿಂದ ಅಂಗಿಗಳು ಮುಂದೆ ಹೋಗುವುದು ನಿಂತುಹೋಯಿತು. ಸೂಪರ್‌ವೈಸರ್ ಓಡಿಬಂದು ನೋಡಿದರೆ, ಅವಳು ಒಂದು ಪುಟ್ಟ ಅಂಗಿಯ ಗುಂಡಿಯನ್ನು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಜಗಿಯುತ್ತಾ ನಿಂತಿದ್ದಳು. ಕಣ್ಣು ಸೂರಿನ ಕಡೆ. ಕಬ್ಬಿನ ತುಂಡು ಸಿಕ್ಕವರ ಹಾಗೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ತಿರುಚಿ ಒಮ್ಮೆ ಎಳೆದಳು. ಗುಂಡಿ ಕಳಚಿ ನಾಲಿಗೆಯ ಮೇಲೆ ಬಂತು. ಅದನ್ನು ಅಂಗೈಗೆ ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿ ಆಗಲೇ ಹನ್ನೊಂದು ಗುಂಡಿ ಸಾಲಾಗಿ ಕೂತಿದ್ದವು.

"ಮೇಡಂ, ಏನಿದು?"

"ಗುಂಡಿ ಸಾರ್."

"ತಕ್ಕಡೀಲಿ ಪಾಸಾಗಿದೆಯಲ್ಲ?"

"ತಕ್ಕಡಿಗೆ ಹಲ್ಲು ಬರ್ತಾ ಇಲ್ಲ ಸಾರ್. ಅದು ನೆಟ್ಟಗೆ ಎಳೀತದೆ. ಕೂಸು ಹಾಗಲ್ಲ, ಚೀಪಿ, ನೆನೆಸಿ, ತಿರುಚಿ ಎಳೀತದೆ. ಈ ಅಂಗಿ ಹಾಕ್ಕೊಳ್ಳೋದು ತಕ್ಕಡಿಯಾ, ಕೂಸಾ?"

ಮೆಷಿನ್ನುಗಳ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಉಳಿದ ಮೂವತ್ತು ತಾಯಂದಿರಿಗೂ ಒಟ್ಟಿಗೇ ದಾರ ಬದಲಿಸುವ ಕೆಲಸ ಬಂದಿತ್ತು. ಸೂಪರ್‌ವೈಸರ್ ತಗ್ಗಿದ ದನಿಯಲ್ಲಿ, ಶನಿವಾರ ಲಾರಿ ಬರುತ್ತದೆ, ದಯವಿಟ್ಟು ಸೀಲು ಒತ್ತಿ ಎಂದ. ಕತ್ತರಿಯಮ್ಮ ಇನ್ನೂ ತಗ್ಗಿದ ದನಿಯಲ್ಲಿ, ಆಗುವುದಿಲ್ಲ ಎಂದಳು. ಚೆಕಿಂಗ್ ಪುಸ್ತಕದಲ್ಲಿ 'ಗುಂಡಿ ಸಡಿಲ' ಎಂದು ಎರಡೇ ಪದ ಬರೆದು, ತಪ್ಪು ತೋರಿಸುವ ಕೆಂಪು ಬಾಣದ ಚೀಟಿಯನ್ನು ಅಂಗಿಗೆ ಅಂಟಿಸಿ, ಗಂಟು ವಾಪಸ್ ಕಳಿಸಿದಳು.

ಸಂಜೆ ಮನೆಯಲ್ಲಿ ಅವನು ಊಟಕ್ಕೆ ಕೂತವನು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ. ಅಮ್ಮನಿಗೆ ತಡೆಯಲಿಲ್ಲ. ಏನಾಯಿತು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಅವನು ಎಲ್ಲವನ್ನೂ ಹೇಳಿಕೊಂಡ. ಆ ಮುದುಕಿ ಚೆಕ್ಕರ್ ಗುಂಡಿ ಜಗಿದದ್ದು, ಹಟ ಹಿಡಿದದ್ದು, ಹೀಗಾದರೆ ತನ್ನ ಖಾಯಂ ಕಾಗದ ಕೈಗೆ ಬಂದ ಹಾಗೇ ಎಂಬುದು. ಎಂಟು, ಹದಿನಾರರ ಲೆಕ್ಕ ಮಾತ್ರ ಹೇಳಲಿಲ್ಲ.

ಅಮ್ಮನ ಕಣ್ಣು ಗೋಡೆಯ ಮೊಳೆಯ ಕಡೆ ಹೋಯಿತು. ಅವಳ ಮುಖ ಕೆಂಪಾಯಿತು.

"ಅವಳು ಯಾವ ಊರಿನ ಮಹಾರಾಣಿ ಕಣೋ? ಪುಸ್ತಕದಲ್ಲಿ 'ಸೂಪರ್‌ವೈಸರ್ ತೀರ್ಮಾನ' ಅಂತ ಒಂದು ಕಾಲಂ ಇರ್ತದೆ, ನೋಡಿಲ್ವಾ? ಅಲ್ಲಿ 'ಸರಿ ಇದೆ' ಅಂತ ಬರೆದು ಸಹಿ ಹಾಕು. ಅವಳು ಬಾಯಿ ಮುಚ್ಕೊಂಡು ಇರಬೇಕಾಗ್ತದೆ. ವಯಸ್ಸಾಯ್ತು ಅಂತ ತಲೆ ಮೇಲೆ ಕೂರಿಸ್ಕೋಬೇಡ."

"ಹಾಗೆ ಮಾಡಬಹುದಾ ಅಮ್ಮ?"

"ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ. ಧೈರ್ಯವಾಗಿ ಹಾಕು."

ಹೆಂಡತಿ ಕೂಸಿನ ಬಾಯಿ ಒರೆಸುವ ನೆಪದಲ್ಲಿ ಒಳಗೆ ಹೋದಳು. ಒಳಗಿನಿಂದ ಅವಳು ಉಸಿರು ಸಿಕ್ಕದೆ ಕೆಮ್ಮುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಅವನು ಪುಸ್ತಕ ತರಿಸಿ, 'ಸರಿ ಇದೆ' ಎಂದು ಬರೆದು, ಎದೆಯುಬ್ಬಿಸಿ ಸಹಿ ಹಾಕಿ ಚೆಕಿಂಗ್ ಮೇಜಿಗೆ ಕಳಿಸಿದ. ಕತ್ತರಿಯಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ಅದನ್ನು ಎರಡು ಸಲ ಓದಿದಳು. ಪುಸ್ತಕ ಹಿಡಿದುಕೊಂಡು ತಾನೇ ಅವನಿದ್ದಲ್ಲಿಗೆ ಬಂದಳು.

"ಸಾರ್, ಈ ಬುದ್ಧಿ ನಿಮಗೆ ಯಾರು ಹೇಳಿಕೊಟ್ಟಿದ್ದು?"

ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. "ಮನೇಲಿ ದೊಡ್ಡವರು ಹೇಳಿದರು ಮೇಡಂ."

"ಮನೇಲಿ ಕೂತ್ಕೊಂಡು ಹೇಳೋರಿಗೆ ಇಲ್ಲಿನ ಕಷ್ಟ ಏನು ಗೊತ್ತು ಸಾರ್? ತಮ್ಮ ಮಗನಿಗೆ ಕಾಗದ ಬಂದರೆ ಸಾಕು ಅವರಿಗೆ. ಹೆತ್ತೋರ ಮಾತು ಫ್ಯಾಕ್ಟರಿ ಒಳಗೆ ತರಬೇಡಿ."

ಹಾಗೆಂದು, ಅವನ ಸಹಿಯ ಕೆಳಗೆ 'ನಾನು ಒಪ್ಪಿಲ್ಲ' ಎಂದು ದುಂಡಗೆ ಬರೆದು, ಸೀಲನ್ನು ಸೊಂಟದ ಚೀಲಕ್ಕೆ ಹಾಕಿ ಗಂಟು ಬಿಗಿದಳು. ಏಳನೆಯ ನಂಬರಿನ ಸೀಲಿಲ್ಲದ ಅಂಗಿಯನ್ನು ಪ್ಯಾಕಿಂಗಿನವರು ಮುಟ್ಟುವುದಿಲ್ಲ. ಸಹಿ ಇದೆ, ಸೀಲು ಇಲ್ಲ. ಸಾವಿರದಿನ್ನೂರು ಅಂಗಿಗಳು ದಾರಿಯಲ್ಲಿ ಕುಳಿತ ಎಮ್ಮೆಗಳ ಹಾಗೆ ಲೈನಿನ ನಡುವೆ ಕೂತವು. ಮಧ್ಯಾಹ್ನ ಮ್ಯಾನೇಜರು ಬಂದು ರಾಶಿ ನೋಡಿ, ಇವನ ಮುಖ ನೋಡಿ, "ಶನಿವಾರ, ನೆನಪಿರಲಿ" ಎಂದಷ್ಟೇ ಹೇಳಿ ಹೋದರು.

ಆ ಸಂಜೆ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅಮ್ಮ, ಬೆಳಿಗ್ಗೆ ನಡೆದದ್ದು ಗೊತ್ತೇ ಇಲ್ಲದವಳ ಹಾಗೆ, "ಏನಾಯ್ತು ಮಗಾ, ಸಹಿ ಹಾಕಿದ ಮೇಲೆ ಅವಳು ಸುಮ್ಮನಾದಳಾ?" ಎಂದು ಕೇಳಿದಳು.

ಅವನಿಗೆ ತಲೆ ಕೆಟ್ಟುಹೋಯಿತು. "ಅವಳು ಅವಳು ಅಂತ ಏನಮ್ಮ? ಅವಳು ನೀನೇ ಅಲ್ವಾ!"

ಆರು ತಿಂಗಳಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಅಮ್ಮ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟು, "ಮನೇಲಿ ಕೆಲಸದ ಮಾತು ಬೇಡ" ಎಂದಳು. ಅವನು ಬಿಡಲಿಲ್ಲ. ಇವತ್ತು ಇತ್ಯರ್ಥ ಆಗಿಯೇ ಹೋಗಲಿ ಎಂದು ಚೀಲದಿಂದ ಅದೇ ಗಂಟಿನ ಒಂದು ಅಂಗಿ ತೆಗೆದ. ಮಾದರಿಗೆಂದು ತಂದುಕೊಂಡಿದ್ದ ನಾಲ್ಕು ಗುಂಡಿಯ ಹಳದಿ ಅಂಗಿ. ಅದನ್ನು ಮಗಳಿಗೆ ತೊಡಿಸಿ ಚಾಪೆಯ ಮೇಲೆ ಕೂರಿಸಿ, ತಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. "ನೋಡೋಣ. ಇವಳಿಗೂ ಹಲ್ಲು ಬರ್ತಿದೆ. ಇವಳು ಕಿತ್ತರೆ ನಾನು ಸೋತೆ."

"ನನ್ನ ಮಗಳೇನು ನಿಮ್ಮ ತಕ್ಕಡಿನಾ?" ಎಂದು ಹೆಂಡತಿ ರೇಗಿದಳು. ರೇಗಿದರೂ, ನಾನೂ ಕಣ್ಣಿಟ್ಟಿರ್ತೀನಿ ಎಂದು ಪಕ್ಕದಲ್ಲೇ ಕೂತಳು.

ಕೂಸಿಗೆ ಪರೀಕ್ಷೆಯ ಗಾಂಭೀರ್ಯ ತಿಳಿಯಲಿಲ್ಲ. ಅದು ಚಾಪೆಯ ಅಂಚು ಕಚ್ಚಿತು. ತನ್ನ ಕಾಲ ಹೆಬ್ಬೆರಳು ಕಚ್ಚಿತು. ಅಪ್ಪನ ಕೊರಳಲ್ಲಿದ್ದ ಫ್ಯಾಕ್ಟರಿಯ ಗುರುತಿನ ಚೀಟಿ ಹಿಡಿದೆಳೆದು, ಅದರಲ್ಲಿನ ಅವನ ಫೋಟೋವನ್ನು ಮುಕ್ಕಾಲು ಪಾಲು ಚಪ್ಪರಿಸಿತು. ಗುಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಅವನ ಮುಖ ಅರಳುತ್ತಾ ಬಂತು. ಗೆದ್ದೆ ಎಂದು ಇನ್ನೇನು ಏಳಬೇಕು, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಹೆಂಡತಿ ಓಡಿದಳು, ಅವಳ ಹಿಂದೆ ಇವನೂ ಕತ್ತು ತಿರುಗಿಸಿದ. ಮತ್ತೆ ಈ ಕಡೆ ತಿರುಗಿದಾಗ ಕೂಸು ಹಲ್ಲು ಮೊಳೆಯುತ್ತಿದ್ದ ಬಾಯಿ ಬಿಟ್ಟು ಅವನನ್ನು ನೋಡಿ ನಕ್ಕಿತು. ಅಂಗಿಯಲ್ಲಿ ಮೂರು ಗುಂಡಿ ಇದ್ದವು.

ಅವನು ಮತ್ತೊಮ್ಮೆ ಎಣಿಸಿದ. ಮೂರೇ.

ಆಮೇಲೆ ಆದದ್ದನ್ನು ಹೆಂಡತಿ ಇಂದಿಗೂ ನೆಂಟರ ಮುಂದೆ ಮಾಡಿ ತೋರಿಸುತ್ತಾಳೆ. ಅವನು ಕೂಸಿನ ಬಾಯಲ್ಲಿ ಬೆರಳಾಡಿಸಿದ, ಚಾಪೆ ಕೊಡವಿದ, ಮಂಚದ ಕೆಳಗೆ ತೂರಿ ತಲೆ ಹೊಡೆಸಿಕೊಂಡ, ಹಾಲಿನ ಪಾತ್ರೆಯಲ್ಲೂ ಒಂದು ಸಲ ಇಣುಕಿದ. ಡಾಕ್ಟರ ಹತ್ತಿರ ಓಡಲು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನ ಚಪ್ಪಲಿ ಮೆಟ್ಟಿದ. ಅಷ್ಟು ಹೊತ್ತಿಗೆ ಅಮ್ಮ ಕೂಸನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಅಂಗಿಯನ್ನು ನೋಡುವ ಹಾಗೆಯೇ ಒಳಹೊರಗು ತಿರುಗಿಸಿ ನೋಡಿದಳು. ಗದ್ದ ಎತ್ತಿದಳು. ಕತ್ತಿನ ಎರಡನೆಯ ಮಡಿಕೆಯಲ್ಲಿ, ಜೊಲ್ಲಿನಲ್ಲಿ ಮಿಂದು, ಬೆಚ್ಚಗೆ ಕೂತಿತ್ತು ಗುಂಡಿ.

ಅವನು ಅಲ್ಲೇ ಗೋಡೆಗೊರಗಿ ಜಾರಿ ಕೂತುಬಿಟ್ಟ. ಅಮ್ಮ ಒಳಗೆ ಹೋಗಿ ತನ್ನ ಸೂಜಿ ದಾರದ ಡಬ್ಬಿ ತಂದಳು. ಅದರ ತಳದಿಂದ ಒಂದು ಹಳೆಯ ನೀಲಿ ಗುಂಡಿ ತೆಗೆದು, ಈ ಹಳದಿ ಗುಂಡಿಯ ಪಕ್ಕ ಇಟ್ಟಳು.

"ಇದು ನೀನು ಒಂದೂವರೆ ವರ್ಷದವನಿದ್ದಾಗ ನುಂಗಿದ್ದು. ಹೊಸ ಅಂಗಿ, ಅಂಗಡಿಯಿಂದ ತಂದ ದಿನವೇ. ಡಾಕ್ಟರು ಕಾಯಿರಿ, ತಾನೇ ಬರ್ತದೆ ಅಂದರು. ಮೂರು ದಿನ ಒಂದು ಕಡ್ಡಿ ಹಿಡ್ಕೊಂಡು ನಿನ್ನ ಹಿಂದೆ ಹಿಂದೆ ತಿರುಗಿದೀನಿ. ನೀನು ಕೂತಲ್ಲೆಲ್ಲ ನಾನೂ ಕೂತೆ. ನಾಲ್ಕನೇ ದಿನ ಬೆಳಿಗ್ಗೆ ಸಿಕ್ತು."

ಹೆಂಡತಿ ಗುಂಡಿಯ ಹತ್ತಿರ ಬಗ್ಗಿದವಳು ಚಟ್ಟನೆ ಹಿಂದೆ ಸರಿದಳು. "ತೊಳೆದಿದೀರಾ ಅತ್ತೆ?"

"ಕುದಿಸಿದೀನಿ ಕಣೇ, ಮೂರು ಸಲ." ಅಮ್ಮ ಮಗನ ಕಡೆ ತಿರುಗಿದಳು. "ಆ ಅಂಗೀನೂ ಯಾವುದೋ ಮೇಜಿನ ಮೇಲೆ ಯಾರೋ ಒಬ್ಬಳು ನೋಡಿ ಬಿಟ್ಟಿದ್ದಳು. ಯಾವನೋ 'ಸರಿ ಇದೆ' ಅಂತ ಸಹಿ ಹಾಕಿದ್ದ."

ಅವನು ಎರಡೂ ಗುಂಡಿಗಳನ್ನು ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ತಲೆಯೆತ್ತದೆಯೇ, "ಎಂಟಕ್ಕೆ ಇಳಿಸಿದ್ದು ನಾನೇ ಅಮ್ಮ" ಎಂದ.

"ಗೊತ್ತು. ಬುಧವಾರವೇ ಎಣಿಸಿದೆ. ಅದಕ್ಕೇ ಪುಸ್ತಕದಲ್ಲಿ ಬರೀ 'ಸಡಿಲ' ಅಂತ ಬರೆದೆ."

"ಗೊತ್ತಿದ್ದೂ ಸಹಿ ಹಾಕು ಅಂತ ಹೇಳಿದೆಯಾ?"

ಅಮ್ಮ ಸ್ವಲ್ಪ ನಾಚಿದಳು. "ನಿನಗೆ ಕಾಗದ ಬರಲಿ ಅನ್ನಿಸ್ತು ಕಣೋ. ಮನೇಲಿದ್ದಾಗ ಹಾಗೇ ಅನ್ನಿಸ್ತದೆ. ಸೀಲಂತೂ ಅವಳ ಚೀಲದಲ್ಲೇ ಇರ್ತದಲ್ಲ, ಎಲ್ಲಿ ಹೋಗ್ತದೆ ಅಂತ ಧೈರ್ಯ."

ಶುಕ್ರವಾರ ಬೆಳಿಗ್ಗೆ ಸೂಪರ್‌ವೈಸರ್ ಪುಸ್ತಕದಲ್ಲಿ ತನ್ನ ಸಹಿಗೆ ತಾನೇ ಗೀಟು ಎಳೆದ. ಮೆಕ್ಯಾನಿಕ್ಕಿಗೆ ಹೇಳಿ ಮೆಷಿನ್ನನ್ನು ಹದಿನಾರಕ್ಕೆ ಏರಿಸಿದ. ಲೈನಿನ ಮುಂದೆ ನಿಂತು, ಗುಣಮಟ್ಟದ ದೃಷ್ಟಿಯಿಂದ, ಕೊಳ್ಳುವವರ ಹಿತದೃಷ್ಟಿಯಿಂದ ಸಾವಿರದಿನ್ನೂರು ಅಂಗಿಯ ಎಲ್ಲ ಗುಂಡಿಗಳ ಮೇಲೂ ಇನ್ನೊಮ್ಮೆ ಹೊಲಿಗೆ ಹಾಕಬೇಕಾಗಿದೆ ಎಂದ. ನಲವತ್ತು ಮುಖಗಳೂ ಗೋಡೆಯ ಹಾಗೆ ನೋಡಿದವು. ಕಾಲರ್ ಕೂರಿಸುವ ಹೆಂಗಸು, ದೃಷ್ಟಿ ಎಲ್ಲ ಸರಿ ಸಾರ್, ತಪ್ಪು ಯಾರದು ಎಂದು ಕೇಳಿದಳು. ಮೂರು ಮಕ್ಕಳ ತಾಯಿ ಅವಳು, ಮಾತಿನಲ್ಲಿ ಸೂಜಿ.

ಅವನು ಬಾಯಿ ತೆರೆಯುವಷ್ಟರಲ್ಲಿ ಕತ್ತರಿಯಮ್ಮ ಮೇಜಿನಿಂದಲೇ ಹೇಳಿದಳು. "ನನಗೆ ಗೊತ್ತಿರೋ ಒಂದು ಮನೇಲಿ ಒಂದು ಕೂಸು ಗುಂಡಿ ನುಂಗಿಬಿಟ್ಟಿತ್ತು. ತಾಯಿ ಪಾಪ ಮೂರು ದಿನ ಕಡ್ಡಿ ಹಿಡ್ಕೊಂಡು ಹುಡುಕಿದಳು. ಆ ಕೂಸು ಈಗ ದೊಡ್ಡದಾಗಿ ಯಾವುದೋ ಫ್ಯಾಕ್ಟರೀಲಿ ಸೂಪರ್‌ವೈಸರ್ ಆಗಿದೆಯಂತೆ."

ಮೊದಲು ಕಾಲರಿನವಳು ಇವನ ಕಡೆ ನೋಡಿದಳು. ಆಮೇಲೆ ಉಳಿದವರು ನೋಡಿದರು. ನಗು ಲೈನಿನ ಆ ತುದಿಯಿಂದ ಹೊರಟು ಈ ತುದಿಗೆ ಬರುವ ಹೊತ್ತಿಗೆ ಮೆಷಿನ್ನುಗಳಿಗಿಂತ ಜೋರಾಗಿತ್ತು. ಅವನ ಕಿವಿ ಸುಡುತ್ತಿತ್ತು. ಆದರೂ ಅವನು ಅಲ್ಲೇ ನಿಂತು, "ತಪ್ಪು ಆ ಸೂಪರ್‌ವೈಸರದ್ದೇ" ಎಂದ.

ಅಷ್ಟು ಸಾಕಾಯಿತು. ಆಮೇಲೆ ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ಒಂದು ತುರ್ತು ಸಭೆ ಕರೆಯೋಣ, ಯಾರು ಯಾರು ಹೆಚ್ಚು ಹೊತ್ತು ನಿಲ್ಲಬಹುದು ಎಂದು ಪಟ್ಟಿ ಮಾಡೋಣ ಎಂದು ಕಾಗದ ಹುಡುಕುವಷ್ಟರಲ್ಲಿ, ಕಾಲರಿನವಳು ಸೀಟಿನಿಂದ ಏಳದೆಯೇ ಎಲ್ಲ ಇತ್ಯರ್ಥ ಮಾಡಿ ಮುಗಿಸಿದ್ದಳು. ಯಾರ ಅತ್ತೆ ಯಾರ ಮಗುವನ್ನು ಶಾಲೆಯಿಂದ ಕರೆತರುವುದು, ಯಾರ ಮನೆಯಲ್ಲಿ ಐದು ಮಕ್ಕಳು ಸಂಜೆ ಊಟ ಮಾಡುವುದು, ಎದೆಹಾಲು ಕುಡಿಸಬೇಕಾದವಳು ಎಷ್ಟು ಗಂಟೆಗೆ ಹೊರಡುವುದು, ಅವಳ ಪಾಲಿನ ಗಂಟು ಯಾರಿಗೆ ಹೋಗುವುದು. ಅವರ ಮಧ್ಯೆ ಇಂಥದ್ದೊಂದು ವ್ಯವಸ್ಥೆ ವರ್ಷಗಳಿಂದ ನಡೆದುಬಂದಿತ್ತು. ಹಾಜರಿ ಪುಸ್ತಕದ ಒಂದೊಂದು ಕೆಂಪು ಗೀಟಿನ ಹಿಂದೆಯೂ ಇನ್ನೊಬ್ಬಳು ಸದ್ದಿಲ್ಲದೆ ಎರಡು ಪಟ್ಟು ಹೊಲಿದಿದ್ದಳು. ಇಲ್ಲದಿದ್ದರೆ ಅವನ ಟಾರ್ಗೆಟ್ಟು ಯಾವತ್ತೋ ಮಣ್ಣು ಮುಕ್ಕುತ್ತಿತ್ತು. ಗುಂಡಿ ಮೆಷಿನ್ನುಗಳು ಸಾಲದೆ ಹೋದಾಗ ಕೈಸೂಜಿ ಹಿಡಿದರು. ಬ್ರಹ್ಮಚಾರಿ ಮೂಗಿನ ತುದಿಯಲ್ಲಿ ಬೆವರು ಹನಿಸಿಕೊಂಡು ಮೆಷಿನ್ ಓಡಿಸಿದ. ಸೂಪರ್‌ವೈಸರ್ ಸೂಜಿಗಳಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟ. ಅವನು ಪೋಣಿಸಿದ್ದು ನಿಧಾನವಾಯಿತೆಂದು ಅದರಲ್ಲೂ ಬೈಸಿಕೊಂಡ.

ಶನಿವಾರ ಲಾರಿ ಬಂದಾಗ ಒಂಬೈನೂರ ಎಂಬತ್ತು ಅಂಗಿಗಳಿಗೆ ಸೀಲು ಬಿದ್ದಿತ್ತು. ಉಳಿದವು ಸೋಮವಾರಕ್ಕೆ. ಮ್ಯಾನೇಜರು ಲಾರಿಯ ಹಿಂಭಾಗದ ಖಾಲಿ ಜಾಗವನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಸೂಪರ್‌ವೈಸರ್ ಮುಚ್ಚುಮರೆಯಿಲ್ಲದೆ ಎಂಟು, ಹದಿನಾರರ ಕಥೆ ಹೇಳಿಬಿಟ್ಟ. "ಹೇಳಿದ್ದಕ್ಕೆ ಉಳಿದೆ" ಎಂದರು ಮ್ಯಾನೇಜರು. "ಕತ್ತರಿಸೋ ವಿಭಾಗಕ್ಕೆ ಕಳಿಸಲ್ಲ. ಇನ್ನೂ ಮೂರು ತಿಂಗಳು ನೋಡ್ತೀನಿ. ಕಾಗದ ಆಮೇಲೆ."

ಕ್ಯಾಂಟೀನಿನಲ್ಲಿ ಬಣ್ಣದ ಬ್ಯಾನರು, ಹಿಂದೆ ಬಲೂನು, ಮೇಜಿನ ಮೇಲೆ ಬಹುಮಾನದ ಕಪ್ಪುಗಳು. ಮೂರನೆಯ ಲೈನಿನ ಸರದಿ ಬಂದಾಗ ಸೂಪರ್‌ವೈಸರ್ ಎದ್ದು, ಹಾಜರಿ ಪುಸ್ತಕವನ್ನೇ ಕೈಯಲ್ಲಿ ಹಿಡಿದುಕೊಂಡು ವೇದಿಕೆ ಹತ್ತಿದ. ಪುಸ್ತಕ ನೋಡಿ ಆರಿಸು ಎಂದು ಹೇಳಿದ್ದರಿಂದ ಪುಸ್ತಕವನ್ನೇ ನೋಡಿದ್ದೇನೆ, ನಮ್ಮ ಲೈನಿನಲ್ಲಿ ಈ ವರ್ಷ ಅತಿ ಹೆಚ್ಚು ರಜೆ ಹಾಕಿದವರು ಕಾಲರ್ ವಿಭಾಗದವರು ಎಂದ. ಕಾಲರಿನವಳ ಮುಖ ಬಿಳಿಚಿಕೊಂಡಿತು. ಪಕ್ಕದವಳ ಕೈ ಹಿಡಿದು, ಕೆಲಸ ಹೋಯಿತು ಕಣೇ ಎಂದಳು. ಅವನು ಮುಂದುವರಿಸಿದ. ಮೂವತ್ತೆರಡು ಗೀಟು. ಇಪ್ಪತ್ತೇಳು ಜ್ವರಕ್ಕೆ, ಎರಡು ಮುರಿದ ಕೈಗೆ, ಮೂರು ಶಾಲೆಗೆ. ಇಷ್ಟು ಸಲ ತಾಯಿಯಾಗಿಯೂ ಅವರ ಕಾಲರ್ ಒಂದೂ ವಾಪಸ್ ಬಂದಿಲ್ಲ. ಇದಕ್ಕಿಂತ ಹೆಚ್ಚಿನ ತಾಯಿ ನಮ್ಮ ಲೈನಿನಲ್ಲಿ ಸಿಕ್ಕಲಿಲ್ಲ.

ಮೊದಲು ಚಪ್ಪಾಳೆ ಹೊಡೆದವನು ಬ್ರಹ್ಮಚಾರಿ. ಕಾಲರಿನವಳು ಕಪ್ಪು ಹಿಡಿದು ಅಳುತ್ತಾ, ಇದೇನು ಸಾರ್, ಹೆದರಿಸಿ ಕೊಡ್ತೀರಾ ಎಂದು ಬೈದಳು. ಹಿಂದಿನ ಸಾಲಿನಲ್ಲಿ ಕತ್ತರಿಯಮ್ಮ ನೆಟ್ಟಗೆ ನಿಂತು, ಎಲ್ಲರಿಗಿಂತ ನಿಧಾನವಾಗಿ, ಅಳೆದು ಚಪ್ಪಾಳೆ ತಟ್ಟಿದಳು.

ಆ ಸಂಜೆ ಊಟದ ಹೊತ್ತಿಗೆ ಅಮ್ಮ ಗೋಡೆಯ ಖಾಲಿ ಮೊಳೆಯನ್ನು ನೋಡಿ ನಿಟ್ಟುಸಿರು ಬಿಟ್ಟಳು. "ಆ ಮುದುಕಿಯಿಂದಾಗಿ ನನ್ನ ಮಗನ ಕಾಗದ ಮೂರು ತಿಂಗಳು ಮುಂದಕ್ಕೆ ಹೋಯ್ತು. ಅವಳಿಗೇನು ಬಂತೋ."

"ಅವರನ್ನ ಏನೂ ಅನ್ನಬೇಡಮ್ಮ" ಎಂದ ಮಗ. "ಅವರು ಒಳ್ಳೆಯವರು."

ಅಮ್ಮ ತುತ್ತು ನಿಲ್ಲಿಸಿದಳು. "ಏನು ಒಳ್ಳೆಯವಳು?"

"ಕೆಲಸ ಗೊತ್ತಿರೋರು."

"ಕೆಲಸ ಎಲ್ಲರಿಗೂ ಗೊತ್ತಿರ್ತದೆ. ಬಿಡಿಸಿ ಹೇಳು."

ಅವನು ತಟ್ಟೆಯನ್ನೇ ನೋಡುತ್ತಾ ಹೇಳಿದ. ಅವರಿಗೆ ನನ್ನ ತಪ್ಪು ಮೊದಲ ದಿನವೇ ಗೊತ್ತಿತ್ತು, ಎಲ್ಲರ ಮುಂದೆ ಹೇಳಲಿಲ್ಲ. ಹೇಳಲಿಲ್ಲ ಅಂತ ಬಿಟ್ಟೂ ಕೊಡಲಿಲ್ಲ. ಯಾವ ಊರಿನ ಯಾವ ಕೂಸೋ, ಅದಕ್ಕಾಗಿ ಹತ್ತೊಂಬತ್ತು ವರ್ಷ ನಿಂತುಕೊಂಡೇ ಅಂಗಿ ನೋಡಿದಾರೆ. ನಾನು ಈ ಆರು ತಿಂಗಳಲ್ಲಿ ಒಂದು ದಿನವೂ ಅವರಿಗೆ ಒಂದು ಒಳ್ಳೆ ಮಾತು ಆಡಿಲ್ಲ.

ಅಮ್ಮ ತಲೆ ತಗ್ಗಿಸಿ ಅನ್ನದಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಏನಾದರೂ ಇದ್ದರೆ ಹೇಳು, ಕೇಳ್ತಿದೀನಿ" ಎಂದಳು.

"ಅತ್ತೆ, ನಿಮ್ಮ ಸೂಪರ್‌ವೈಸರ್ ಹೇಗಿದಾನೆ ಈಗ?" ಎಂದು ಸೊಸೆ ಕೇಳಿದಳು.

"ಪರವಾಗಿಲ್ಲ. ಸ್ವಲ್ಪ ಬಿಚ್ಚಿ ಹೊಲಿದರೆ ಪಾಸಾಗ್ತಾನೆ."

ಸೋಮವಾರ ಕತ್ತರಿಯಮ್ಮ ತನ್ನ ಮೇಜಿಗೆ ಬಂದಾಗ ಅಲ್ಲೊಂದು ಎತ್ತರದ ಕುರ್ಚಿ ಇತ್ತು. ಬೆನ್ನಿಗೆ ಒರಗು, ಕಾಲಿಗೆ ಅಡ್ಡಪಟ್ಟಿ. ಚೆಕ್ಕರಿಗೆ ಕುರ್ಚಿ ಹಾಕಿದ್ದು ಆ ಫ್ಯಾಕ್ಟರಿಯಲ್ಲಿ ಅದೇ ಮೊದಲು. ಸೂಪರ್‌ವೈಸರ್ ದೂರದಲ್ಲಿ ನಿಂತು ಏನೋ ಬರೆಯುವವನ ಹಾಗೆ ನಟಿಸುತ್ತಿದ್ದ. ಅವಳು ಕುರ್ಚಿಯ ಸುತ್ತ ಒಂದು ಸುತ್ತು ಬಂದಳು. ಒರಗು ಹಿಡಿದು ಅಲ್ಲಾಡಿಸಿದಳು. ತಲೆಕೆಳಗು ಮಾಡಿ ನೋಡಿದಳು. ಕೆಂಪು ಬಾಣದ ಚೀಟಿಯೊಂದನ್ನು ಕಿತ್ತು ಹಿಂದಿನ ಎಡಗಾಲಿಗೆ ಅಂಟಿಸಿದಳು.

"ಸಾರ್, ಒಂದು ಸ್ಕ್ರೂ ಸಡಿಲ."

ಅವನೇ ಮೆಕ್ಯಾನಿಕ್ಕಿನ ಹತ್ತಿರ ಓಡಿಹೋಗಿ ತಿರುಪುಳಿ ತಂದು, ಮೊಣಕಾಲೂರಿ ಬಿಗಿದ. ಅವಳು ಇನ್ನೊಮ್ಮೆ ಅಲ್ಲಾಡಿಸಿ ನೋಡಿ, ಚೀಟಿ ಕಿತ್ತು, ಸೀಟಿನ ಅಡಿಯಲ್ಲಿ ಏಳನೆಯ ನಂಬರಿನ ಸೀಲು ಒತ್ತಿದಳು. ಆಮೇಲೆ ಬುತ್ತಿಯನ್ನು ಕೆಳಗಿಟ್ಟು, ಕತ್ತರಿ ಸರಿಮಾಡಿಕೊಂಡು, ಕೂತಳು.